ಅಗ್ಗದ ಶಾಂಪೂನಾ, ದುಬಾರಿ ವ್ಯಾಕ್ಸಾ? ಗಾಡಿ ಆರೈಕೆಗೆ ದುಡ್ಡು ಎಲ್ಲಿ ಹಾಕ್ಬೇಕು, ಎಲ್ಲಿ ಉಳಿಸ್ಬೇಕು

ಕಪ್ಪು_ಸೆಡಾನ್:
ಎಲ್ರಿಗೂ ನಮಸ್ಕಾರ. ಕಪ್ಪು ಗಾಡಿ ತಗೊಂಡು ಎರಡು ವರ್ಷ ಆಯ್ತು. ವಾರಕ್ಕೊಂದ್ಸಲ ನಾನೇ ತೊಳಿತೀನಿ, ಬೇರೆ ಯಾರ ಕೈಗೂ ಕೊಡಲ್ಲ. ಇಲ್ಲೀವರೆಗೂ ಕಡಿಮೆ ರೇಟಿನ ಶಾಂಪೂ, ಅದರ ಜೊತೆ ಒಂದು ಸ್ಪ್ರೇ ಸೀಲಂಟ್ (ವ್ಯಾಕ್ಸ್ ತರಾನೇ ಪೇಂಟ್ ಮೇಲೆ ರಕ್ಷಣೆ ಪದರ ಕಟ್ಟೋ ಸಿಂಥೆಟಿಕ್ ದ್ರವ), ಕಟ್ಟಲ್ಲಿ ಬರೋ ಸಾದಾ ಮೈಕ್ರೋಫೈಬರ್ ಬಟ್ಟೆ, ಇಷ್ಟರಲ್ಲೇ ನಡೀತಿತ್ತು. ಮೊನ್ನೆ ಗೆಳೆಯ ಒಬ್ಬ ದುಬಾರಿ ಕಿಟ್ ತರಿಸ್ದ. ಶಾಂಪೂ ಒಂದೇ ನನ್ನದರ ನಾಲ್ಕು ಪಟ್ಟು ರೇಟು, ಬಾಟಲ್ ನೋಡಿದ್ರೆ ನನ್ನದರ ಅರ್ಧ. ಇಬ್ರೂ ಗಾಡಿ ಪಕ್ಕ ಪಕ್ಕ ನಿಲ್ಸಿದ್ವಿ. ಬಿಸಿಲಲ್ಲಿ ನನ್ನ ಬಾನೆಟ್ ತುಂಬಾ ಜೇಡರಬಲೆ ತರ ಸುರುಳಿ ಸುರುಳಿ ಗೀರು. ಅವನದ್ರಲ್ಲಿ ಒಂದೂ ಕಾಣ್ಲಿಲ್ಲ. "ಅಗ್ಗದ್ದು ಹಾಕಿ ಹಾಕಿ ಪೇಂಟ್ ಹಾಳು ಮಾಡ್ಕೊಂಡೆ ನೋಡು" ಅಂದ. ಮನಸ್ಸಿಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ನಾನು ಅಷ್ಟು ಜೋಪಾನ ಮಾಡಿದ ಗಾಡಿ ಅದು.
ನಿಜವಾಗ್ಲೂ ಶಾಂಪೂನಿಂದ ಹೀಗಾಗತ್ತಾ? ಎಲ್ಲಾನೂ ದುಬಾರಿದಕ್ಕೆ ಬದಲಾಯಿಸ್ಬೇಕಾ? ಯಾವುದಕ್ಕೆ ದುಡ್ಡು ಕೊಟ್ರೆ ಸಾರ್ಥಕ, ಯಾವುದಕ್ಕೆ ದಂಡ? ಅನುಭವ ಇರೋರು ಹೇಳಿ.

ನೊರೆನೊರೆ:
ದುಬಾರಿದೇ ತಗೊ ಗುರು, ಯೋಚ್ನೆ ಮಾಡ್ಬೇಡ. ಕೊಟ್ಟ ದುಡ್ಡಿಗೆ ತಕ್ಕ ಮಾಲು.

ಹಳೇ_ಡೀಸೆಲ್:
ನನ್ನ ಗಾಡಿಗೆ 14 ವರ್ಷ. ಪಾತ್ರೆ ತೊಳಿಯೋ ಲಿಕ್ವಿಡ್ಡೇ ಇವತ್ತಿಗೂ. ಬಣ್ಣ ಉದುರಿಲ್ಲ, ತುಕ್ಕು ಹಿಡಿದಿಲ್ಲ. ಈ ಡೀಟೇಲಿಂಗ್ ಬಾಟಲ್‌ಗಳೆಲ್ಲ ಬಣ್ಣದ ನೀರು ಅನ್ನೋದು ನನ್ನ ಅಭಿಪ್ರಾಯ. ಗಾಡಿ ಓಡ್ಸೋಕೆ ಇರೋದು.

ಮೈಕ್ರಾನ್:
ಒಂದು ಪ್ರಶ್ನೆ. ಗೆಳೆಯನ ಗಾಡಿ ಯಾವ ಬಣ್ಣ?

ಕಪ್ಪು_ಸೆಡಾನ್:
@ಮೈಕ್ರಾನ್ ಬೆಳ್ಳಿ ಬಣ್ಣ. ಯಾಕೆ?

ಮೈಕ್ರಾನ್:
ಅಲ್ಲೇ ಇದೆ ಅರ್ಧ ಉತ್ತರ. ಬೆಳ್ಳಿ, ಬಿಳಿ ಗಾಡೀಲಿ ಗೀರು ಇದ್ರೂ ಕಣ್ಣಿಗೆ ಬೀಳಲ್ಲ, ಬೆಳಕು ಹಿಂದಿನ ಬಣ್ಣದ ಜೊತೆ ಬೆರೆತು ಹೋಗತ್ತೆ. ಕಪ್ಪಲ್ಲಿ ಕೂದಲೆಳೆಯಷ್ಟಿದ್ರೂ ಎದ್ದು ಕಾಣತ್ತೆ. ರಾತ್ರಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಅವನ ಡ್ರೈವರ್ ಡೋರ್ ಹ್ಯಾಂಡಲ್ ಸುತ್ತ ನೋಡು, ನಿನ್ನ ಗಾಡಿಗೂ ಅದಕ್ಕೂ ವ್ಯತ್ಯಾಸ ಎಷ್ಟು ಅಂತ ಗೊತ್ತಾಗತ್ತೆ.

ಪಾಲಿಶ್_ಕೈ:
11 ವರ್ಷದಿಂದ ಇದೇ ಕೆಲಸ ನಂದು, ಕೈಯಲ್ಲಿ ದಿನಾ ಪಾಲಿಶರ್ ಹಿಡೀತೀನಿ. ಗೀರಿಗೂ ಶಾಂಪೂ ರೇಟಿಗೂ ನೇರ ಸಂಬಂಧ ಇಲ್ಲ ಸರ್. ಗೀರು ಬರೋದು ಧೂಳಿನ ಕಣ ಬಟ್ಟೆಗೆ ಸಿಕ್ಕಿ ಪೇಂಟ್ ಮೇಲೆ ಉಜ್ಜಿದಾಗ. ಬಣ್ಣದ ಮೇಲೆ ಇರೋ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಅನ್ನೋದು, ಸಾಮಾನ್ಯವಾಗಿ 35 ರಿಂದ 50 ಮೈಕ್ರಾನ್, ಅಂದ್ರೆ ನಮ್ಮ ತಲೆಕೂದಲಿಗಿಂತ ತೆಳು. ಅದರ ಮೇಲೆ ಒಂದು ಮರಳು ಕಣ ಎಳೆದ್ರೆ ಏನಾಗ್ಬೇಕು?
ಇವತ್ತೇ ಒಂದು ಕೆಲಸ ಮಾಡಿ. ನೀವು ಒರೆಸೋ ಬಟ್ಟೆನ ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಅಡ್ಡ ಹಿಡಿದು ನೋಡಿ. ಮೊನ್ನೆ ಒಬ್ರು ತಂದ ಬಟ್ಟೆ ಹಾಗೆ ಹಿಡಿದೆ. ಎಳೆಗಳ ಬುಡದಲ್ಲಿ ಮಿಣ ಮಿಣ ಅನ್ನೋ ಚುಕ್ಕಿ, ಸಾಸಿವೆಯ ಹತ್ತನೇ ಒಂದು ಭಾಗ ಇರಬಹುದು, ಉಗುರಲ್ಲಿ ಕೆರೆದ್ರೂ ಬರ್ಲಿಲ್ಲ, ಎಳೆ ಅದನ್ನ ಸುತ್ಕೊಂಡು ಕೂತಿತ್ತು. ಮೂಲೇಲಿ ಬ್ರ್ಯಾಂಡ್ ಪಟ್ಟಿ ಬೇರೆ ಹಾಗೇ ಹೊಲಿದಿತ್ತು, ಗಟ್ಟಿ ಪ್ಲಾಸ್ಟಿಕ್ ದಾರದ ಅಂಚು. ಅವರ ಗಾಡಿ ಟಾಪಿನ ಮೇಲೆ ಕೈ ಬೀಸಿದಷ್ಟಗಲಕ್ಕೆ ಕಮಾನು ಕಮಾನು ಗೀರು, ಸರಿಯಾಗಿ ಆ ಪಟ್ಟಿ ಎಳೆದ ದಾರಿ. ಶಾಂಪೂ ಮಾತ್ರ ಅವರದ್ದು ಬಲು ದುಬಾರಿ.

ಭಾನುವಾರದ_ತೊಳೆತ:
ಪಾಲಿಶ್_ಕೈ ಹೇಳಿದ್ದಕ್ಕೆ ನೂರಕ್ಕೆ ನೂರು. ಹೊಸ ಬಟ್ಟೆ ಬಂದ ತಕ್ಷಣ ಪಟ್ಟಿ ಕತ್ತರಿಸಿ ತೆಗಿಬೇಕು.
ರೇಟ್ ವಿಷಯಕ್ಕೆ ಬರ್ತೀನಿ. ಬಾಟಲ್ ರೇಟ್ ನೋಡ್ಬೇಡಿ, ಒಂದು ತೊಳೆತಕ್ಕೆ ಎಷ್ಟು ಬೀಳತ್ತೆ ನೋಡಿ. 10 ಲೀಟರ್ ಬಕೆಟ್ ಲೆಕ್ಕ ಇಟ್ಕೊಳ್ಳಿ. ಅಗ್ಗದ ಶಾಂಪೂ ಲೀಟರ್ ಬಾಟಲ್, 1:100 ಹಾಕು ಅಂತಾರೆ, ಬಕೆಟ್ಟಿಗೆ 100 ಎಂಎಲ್, ಹತ್ತು ತೊಳೆತಕ್ಕೆ ಖಾಲಿ. ದುಬಾರಿದು ಅರ್ಧ ಲೀಟರ್, 1:500, ಬಕೆಟ್ಟಿಗೆ 20 ಎಂಎಲ್, 50 ತೊಳೆತ ಬರತ್ತೆ. ನಾಲ್ಕು ಪಟ್ಟು ಕೊಟ್ಟು ಐದು ಪಟ್ಟು ತೊಳೆತ. ದುಬಾರಿನೇ ಅಗ್ಗ ಆಯ್ತಲ್ಲ.

ಮಳೆಹನಿ:
@ಭಾನುವಾರದ_ತೊಳೆತ 500 ನ 20 ರಿಂದ ಭಾಗಿಸಿದ್ರೆ 25, 50 ಅಲ್ಲ. ನಾಲ್ಕು ಪಟ್ಟು ಕೊಟ್ಟು ಎರಡೂವರೆ ಪಟ್ಟು ತೊಳೆತ. ಇನ್ನೂ ದುಬಾರಿನೇ, ಆದ್ರೆ ಒಂದು ತೊಳೆತಕ್ಕೆ ನೋಡಿದ್ರೆ ನಾಲ್ಕು ಪಟ್ಟಲ್ಲ, 1.6 ಪಟ್ಟು.

ಭಾನುವಾರದ_ತೊಳೆತ:
ಹೌದು ಮೇಡಂ, ಲೀಟರ್ ಅಂದ್ಕೊಂಡು ಭಾಗಿಸ್ಬಿಟ್ಟೆ. ನಿಮ್ಮ ಲೆಕ್ಕನೇ ಸರಿ. ಆದ್ರೂ ನಾಲ್ಕು ಪಟ್ಟು ಅಂತ ಹೆದರೋದಕ್ಕೂ 1.6 ಪಟ್ಟಿಗೂ ಬಹಳ ಫರಕ್ ಇದೆ.

ಗಟ್ಟಿಕೈ:
ಅಷ್ಟೇ ಅಲ್ಲ, ಅಳತೆ ಮಾಡಿ ಹಾಕೋರು ಎಷ್ಟು ಜನ? ಎಲ್ರೂ ಬಾಟಲ್ ಬಗ್ಸಿ ಒಂದು ಸುತ್ತು ಸುರೀತಾರೆ. ಗಟ್ಟಿ ಶಾಂಪೂನ ಹಂಗೆ ಸುರಿದ್ರೆ ದುಡ್ಡು ಮೋರಿಗೆ ಹೋಯ್ತು. ಔಷಧಿ ಬಾಟಲ್ ಮುಚ್ಚಳ ಒಂದು ಇಟ್ಕೊಳಿ, ಅದರಲ್ಲಿ ಗೆರೆ ಇರತ್ತೆ.

ರಸಾಯನಿ:
ನಾನು ಸೋಪು ಡಿಟರ್ಜೆಂಟ್ ತಯಾರಿಸೋ ಕಡೆ ಕೆಲಸ ಮಾಡೋಳು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರ್ ಮಾಡ್ಕೋಬೇಡಿ.
ಶಾಂಪೂ ಅಂದ್ರೆ ಬಹುಪಾಲು ನೀರು, ಅದರೊಳಗೆ ಸರ್ಫ್ಯಾಕ್ಟಂಟ್ (ಕೊಳೆ, ಜಿಡ್ಡು ಬಿಡಿಸೋ ಪದಾರ್ಥ), ದಪ್ಪ ಮಾಡೋಕೆ ಏನೋ ಒಂದು, ಬಣ್ಣ, ವಾಸನೆ. ದಪ್ಪ ಇದ್ರೆ ಗಟ್ಟಿ ಶಾಂಪೂ ಅಂತ ಜನ ಅಂದ್ಕೋತಾರೆ, ಅದು ತಪ್ಪು. ಕೆಲವು ಸರ್ಫ್ಯಾಕ್ಟಂಟಿಗೆ ಒಂಚೂರು ಅಡುಗೆ ಉಪ್ಪು ಸೇರಿಸಿದ್ರೆ ಸಾಕು, ನೀರಾಗಿದ್ದದ್ದು ಜೇನಿನ ತರ ಆಗತ್ತೆ. ನೊರೆನೂ ಅಷ್ಟೇ. ನೊರೆ ಹೆಚ್ಚು ಬಂದ್ರೆ ಹೆಚ್ಚು ಕೊಳೆ ಹೋಗತ್ತೆ ಅಂತೇನಿಲ್ಲ.
ವ್ಯತ್ಯಾಸ ಇರೋದು ಜಾರೋ ಗುಣದಲ್ಲಿ. ಹೇಳಿದ ಅಳತೇಲಿ ನೀರಿಗೆ ಹಾಕಿ, ಎರಡು ಬೆರಳ ಮಧ್ಯೆ ಉಜ್ಜಿ ನೋಡಿ. ಒಳ್ಳೇದು ಲೋಳೆ ಲೋಳೆಯಾಗಿ ಜಾರ್ತಾ ಇರತ್ತೆ, ಕಳಪೆದು ಸ್ವಲ್ಪ ಹೊತ್ತಿಗೆ ಕಿರ್ ಅನ್ನತ್ತೆ. ಆ ಜಾರು ಇದ್ರೆ ಧೂಳಿನ ಕಣ ಪೇಂಟಿಗೆ ಒತ್ತದೆ ಸರ್ಕೊಂಡು ಹೋಗತ್ತೆ.
ಪಾತ್ರೆ ಲಿಕ್ವಿಡ್ ವಿಷಯ, @ಹಳೇ_ಡೀಸೆಲ್ ಅಣ್ಣ, ನಿಮ್ಮ ಬಣ್ಣ ಉದುರಿಲ್ಲ ಅನ್ನೋದನ್ನ ನಂಬ್ತೀನಿ, ಉದುರೋದೂ ಇಲ್ಲ. ಅದು ಮಾಡೋದು ಜಿಡ್ಡು ತೆಗಿಯೋ ಕೆಲಸ. ಪೇಂಟ್ ಮೇಲೆ ಹಾಕಿದ ವ್ಯಾಕ್ಸ್ ಕೂಡ ಅದಕ್ಕೆ ಜಿಡ್ಡೇ. ವ್ಯಾಕ್ಸೇ ಹಾಕದವರಿಗೆ ಕಳ್ಕೊಳ್ಳೋದು ಏನೂ ಇಲ್ಲ. ಆದ್ರೆ ದುಬಾರಿ ವ್ಯಾಕ್ಸ್ ಹಾಕಿ ಮುಂದಿನ ವಾರ ಪಾತ್ರೆ ಲಿಕ್ವಿಡ್ಡಲ್ಲಿ ತೊಳೆದ್ರೆ ವ್ಯಾಕ್ಸಿನ ಒಂದಷ್ಟು ಪಾಲು ಬಕೆಟ್ಟಲ್ಲಿ ಇರತ್ತೆ.

ಹಳೇ_ಡೀಸೆಲ್:
ತಂಗಿ, ಉಪ್ಪಿನ ವಿಷಯ ಗೊತ್ತಿರ್ಲಿಲ್ಲ. ದಪ್ಪ ನೋಡಿನೇ ತಗೋತಿದ್ದೆ ನಾನು. ಆದ್ರೂ ವ್ಯಾಕ್ಸ್ ಯಾಕೆ ಬೇಕು ಅನ್ನೋ ನನ್ನ ಪ್ರಶ್ನೆ ಹಾಗೇ ಇದೆ.

ಉತ್ತರದ_ಗಾಳಿ:
ಯಣ್ಣಾ, ಹಕ್ಕಿ ಹಿಕ್ಕಿ ಬಿದ್ದು ಎರಡು ದಿನ ಬಿಸಿಲಾಗ ನಿಂತ ಮ್ಯಾಲೆ ಒಮ್ಮೆ ಒರಸಿ ನೋಡ್ರಿ, ಅವಾಗ ಗೊತ್ತಾಗ್ತದ ವ್ಯಾಕ್ಸ್ ಯಾಕ ಬೇಕಂತ. ನಮ್ಮ ಗಾಡಿ ಬಾನೆಟ್ ಮ್ಯಾಲೆ ಅದರ ಅಚ್ಚು ಇನ್ನೂ ಐತಿ, ಪಾಲಿಶ್ ಹೊಡಸಿದ್ರೂ ಪೂರ್ತಿ ಹೋಗಿಲ್ರಿ.

ನೊರೆನೊರೆ:
ಸುಮ್ನೆ ಪೇಂಟ್ ಮೇಲೆ ಗಾಜಿನ ತರ ಗಟ್ಟಿ ಪದರ ಕಟ್ಟತ್ತಲ್ಲ, ಆ ಸೆರಾಮಿಕ್ ಕೋಟಿಂಗ್ ಮಾಡ್ಸಿಬಿಡಿ, 9ಎಚ್ ಗಟ್ಟಿ, ವಜ್ರ 10, ಅದಕ್ಕಿಂತ ಒಂದೇ ಒಂದು ಕಮ್ಮಿ. ಆಮೇಲೆ ಗೀರೇ ಬೀಳಲ್ಲ, ಶಾಂಪೂ ತಲೆನೋವೂ ಇಲ್ಲ.

ಮೈಕ್ರಾನ್:
ಅಯ್ಯೋ ಇದನ್ನ ಯಾರಾದ್ರೂ ತಿದ್ದಲೇಬೇಕು. ವಜ್ರ 10 ಅನ್ನೋದು ಮೋಸ್ ಮಾಪನ, ಯಾವ ಖನಿಜ ಯಾವುದನ್ನ ಗೀರತ್ತೆ ಅಂತ ನೋಡಿ ಗಟ್ಟಿತನ ಅಳಿಯೋದು. 9ಎಚ್ ಅನ್ನೋದು ಪೆನ್ಸಿಲ್ ಪರೀಕ್ಷೆ. ಎಚ್‌ಬಿ, 2ಎಚ್, 4ಎಚ್ ಪೆನ್ಸಿಲ್ ಇರತ್ತಲ್ಲ, ಅದೇ. ಒಂದು ಕೋನದಲ್ಲಿ ಪೆನ್ಸಿಲ್ ಹಿಡಿದು ತಳ್ಳಿ, ಯಾವ ಪೆನ್ಸಿಲ್ಲಿಗೆ ಗೀರು ಬಿತ್ತು ನೋಡೋದು. 9ಎಚ್ ಪೆನ್ಸಿಲ್ಲಿಗೂ ಗೀರು ಬೀಳಲಿಲ್ಲ ಅಂದ್ರೆ ವಜ್ರದ ಪಕ್ಕ ಕೂತ್ಕೊಂಡ್ತು ಅಂತಲ್ಲ. ರಸ್ತೆ ಧೂಳಲ್ಲಿರೋ ಮರಳು ಅಂದ್ರೆ ಕ್ವಾರ್ಟ್ಸ್, ಮೋಸ್ ಲೆಕ್ಕದಲ್ಲಿ 7, ಅದು ಕೋಟಿಂಗನ್ನೂ ಗೀರತ್ತೆ. ಕೋಟಿಂಗ್ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಅಷ್ಟೇ.

ಪಾಲಿಶ್_ಕೈ:
ಇದನ್ನ ನಾನೂ ಸೇರಿಸ್ತೀನಿ, ಕೋಟಿಂಗ್ ಹಾಕೋನೇ ಹೇಳ್ತಿದೀನಿ ಅಂತ ಇಟ್ಕೊಳ್ಳಿ. ಕೋಟಿಂಗ್ ಒಳ್ಳೇದೇ, ಕೊಳೆ ಬೇಗ ಬಿಡತ್ತೆ, ವರ್ಷಗಟ್ಲೆ ನೀರು ಜಾರತ್ತೆ. ಆದ್ರೆ ನೀವು ಕೊಡೋ ದುಡ್ಡಲ್ಲಿ ಬಾಟಲ್ಲಿನ ಪಾಲು ಕಡಿಮೆ, ಅದಕ್ಕೆ ಮುಂಚೆ ಮಾಡೋ ಪಾಲಿಶಿಂಗಿನ ಪಾಲೇ ಜಾಸ್ತಿ. ಪಾಲಿಶ್ ಮಾಡದೆ ಮೇಲೆ ಹಾಕಿದ್ರೆ ಗೀರನ್ನ ಒಳಗಿಟ್ಟು ಮುಚ್ಚಿದ ಹಾಗೆ.

ಗಾಜುಗಣ್ಣು:
ನನ್ನ ಅನುಭವ ಹೇಳ್ತೀನಿ. ಒಂದು ಕಡೆ ಗಾಡಿ ಪಾಲಿಶ್ ಮಾಡ್ಸಿದೆ, ಕೈಗೆ ಕೊಟ್ಟಾಗ ಕನ್ನಡಿ. ಮೂರು ವಾರ ಆಯ್ತು, ಅಷ್ಟೂ ಗೀರು ವಾಪಸ್. ಜಗಳ ಮಾಡೋಕೆ ಹೋದ್ರೆ ನೀವೇ ಸರಿಯಾಗಿ ತೊಳ್ದಿಲ್ಲ ಅಂದ್ರು. ಆಮೇಲೆ ಬೇರೆಯವರು ಹೇಳಿದ್ದು, ಅದು ಫಿಲ್ಲರ್ ಇರೋ ಗ್ಲೇಜ್, ಗೀರು ತೆಗ್ದಿಲ್ಲ, ತುಂಬಿದಾರೆ ಅಂತ. ತುಂಬಾ ನೋವಾಯ್ತು. ಕೇಳೋಕೆ ಗೊತ್ತಿರ್ಲಿಲ್ಲ ನನಗೆ.

ಪಾಲಿಶ್_ಕೈ:
@ಗಾಜುಗಣ್ಣು ಇದು ಬಹಳ ಜನಕ್ಕೆ ಆಗತ್ತೆ. ಮುಂದಿನ ಸಲ ಗಾಡಿ ತಗೊಳ್ಳೋ ಮುಂಚೆ ನಿಮ್ಮ ಎದುರಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ನೀರಿಗೆ ಬೆರೆಸಿ ಒಂದು ಕಡೆ ಒರೆಸೋಕೆ ಹೇಳಿ, ಆಮೇಲೆ ಲೈಟ್ ಹಿಡಿದು ನೋಡಿ. ಎಣ್ಣೆ, ಫಿಲ್ಲರ್ ಬಹುಪಾಲು ಹೋಗತ್ತೆ, ಒಳಗಿನ ನಿಜ ಕಾಣತ್ತೆ. ನೀವೇ ಅಗ್ಗದ ಪಾಲಿಶು, ದುಬಾರಿ ಪಾಲಿಶು ಹೋಲಿಸೋವಾಗ್ಲೂ ಇದೇ ಮಾಡಿ. ಒರೆಸದೆ ಹೋಲಿಸಿದ್ರೆ ಹೆಚ್ಚು ಎಣ್ಣೆ ಇರೋದೇ ಗೆಲ್ಲತ್ತೆ.

ಕಪ್ಪು_ಸೆಡಾನ್:
ರಾತ್ರಿ ಹೋಗಿ ಗೆಳೆಯನ ಗಾಡಿ ಡೋರ್ ಹ್ಯಾಂಡಲ್ ಹತ್ರ ಟಾರ್ಚ್ ಹಿಡಿದೆ. ಇದೆ. ನನ್ನಷ್ಟೇ ಇದೆ. ಅವನೂ ನೋಡ್ದ, ಸುಮಾರು ಹೊತ್ತು ಮಾತಾಡ್ಲಿಲ್ಲ.
ನನ್ನ ಬಟ್ಟೆನೂ ನೋಡ್ದೆ. ಪಾಲಿಶ್_ಕೈ ಸರ್ ಹೇಳಿದ ಹಾಗೇ ಚುಕ್ಕಿ ಇದೆ. ಒಗಿಯೋವಾಗ ಕಂಫರ್ಟ್ ತರದ್ದು ಹಾಕ್ತಿದ್ವಿ, ಮೆತ್ತಗಿರ್ಲಿ ಅಂತ. ಪರವಾಗಿಲ್ವಾ?

ಮಳೆಹನಿ:
ಬೇಡ ಬೇಡ. ಮೆತ್ತಗೆ ಮಾಡೋ ಲಿಕ್ವಿಡ್ ಎಳೆ ಮೇಲೆ ಪದರ ಕಟ್ಟತ್ತೆ, ಬಟ್ಟೆ ನೀರು ಹೀರೋದು ಕಮ್ಮಿಯಾಗತ್ತೆ, ಗಾಜಿನ ಮೇಲೆ ಮಸುಕು ಬಿಡತ್ತೆ. ಬಿಸಿ ಜಾಸ್ತಿ ಇಟ್ಟು ಡ್ರೈಯರಿಗೂ ಹಾಕ್ಬೇಡಿ, ಎಳೆ ತುದಿ ಕರಗಿ ಒರಟಾಗತ್ತೆ. ಹತ್ತಿ ಬಟ್ಟೆ ಜೊತೆ ಒಗೀಬೇಡಿ, ಜುಂಗು ಹತ್ಕೊಳತ್ತೆ. ಮುಖ್ಯವಾಗಿ ವೀಲ್ ಒರೆಸಿದ ಬಟ್ಟೆ ಪೇಂಟಿಗೆ ಮುಟ್ಟಿಸಲೇಬಾರದು, ನಮ್ಮ ಮನೇಲಿ ಬಣ್ಣ ಬೇರೆ ಬೇರೆ ಇಟ್ಟಿದೀನಿ.

ಗಟ್ಟಿಕೈ:
ಬಟ್ಟೆಗೆ ದುಡ್ಡು ಹಾಕಿ, ಶಾಂಪೂನಲ್ಲಿ ಉಳಿಸಿ. ನಾನು ಇದನ್ನೇ ಎಲ್ರಿಗೂ ಹೇಳೋದು. ಒಣಗ್ಸೋಕೆ ದೊಡ್ಡ ಟವೆಲ್ ಒಂದು, ಜಿಎಸ್‌ಎಂ ಜಾಸ್ತಿ ಇರೋದು. ವ್ಯಾಕ್ಸ್ ತೆಗಿಯೋಕೆ 300-400 ಜಿಎಸ್‌ಎಂದು ಸಾಕು. ಗಾಜಿಗೆ ಚಪ್ಪಟೆ ನೇಯ್ಗೆದು.

ನೊರೆನೊರೆ:
ಜಿಎಸ್‌ಎಂ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ ಎಲ್ಲಾದಕ್ಕೂ?

ಗಟ್ಟಿಕೈ:
ಅಲ್ಲ. ಜಿಎಸ್‌ಎಂ ಅಂದ್ರೆ ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅಷ್ಟೇ. ಎಳೆ ಒರಟಿದ್ರೆ ಭಾರ ಇದ್ದು ಏನು ಪ್ರಯೋಜನ? ತುಟಿ ಮೇಲೆ ಎಳೆದು ನೋಡು, ಚುಚ್ಚಿದ್ರೆ ಪೇಂಟಿಗೆ ಬೇಡ. ದಪ್ಪ ಟವೆಲ್ಲಲ್ಲಿ ಗಾಜು ಒರೆಸಿದ್ರೆ ಗೆರೆ ಗೆರೆ ಬರತ್ತೆ, ಮಾಡಿ ನೋಡಿದೀನಿ.

ಉತ್ತರದ_ಗಾಳಿ:
ಹೆಡ್‌ಲೈಟ್ ಹಳದಿ ಆಗ್ಯಾವು ನಮ್ಮವು. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ರ ಹೋಗ್ತದ ಅಂತಾರಲ್ರಿ, ಖರೇ ಏನು? ಅದಕ್ಕಿಂತ ಅಗ್ಗ ಮತ್ತೇನೈತಿ.

ರಸಾಯನಿ:
ಹೋಗತ್ತೆ, ಟೂತ್‌ಪೇಸ್ಟಲ್ಲಿ ಉಜ್ಜೋ ಪುಡಿ ಇರತ್ತಲ್ಲ. ಆದ್ರೆ ಕೆಲವೇ ತಿಂಗಳಲ್ಲಿ ವಾಪಸ್ ಬರತ್ತೆ. ಲೆನ್ಸ್ ಪಾಲಿಕಾರ್ಬೊನೇಟ್, ಅದರ ಮೇಲೆ ಕಂಪನಿಯವರು ಯುವಿ ತಡಿಯೋ ಪದರ ಹಾಕಿರ್ತಾರೆ, ಹಳದಿಯಾಗಿರೋದು ಆ ಪದರ ಹಾಳಾಗಿದ್ದಕ್ಕೆ. ಉಜ್ಜಿದ ಮೇಲೆ ಹೊಸ ಯುವಿ ಪದರ ಹಾಕ್ಲೇಬೇಕು. ಇಲ್ಲಿ ಮಾತ್ರ ಪೂರ್ತಿ ಕಿಟ್ ತಗೊಳ್ಳಿ ಸರ್, ಕೊನೇಲಿ ಹಾಕೋ ಕೋಟ್ ಇರೋ ಕಿಟ್.

ಉತ್ತರದ_ಗಾಳಿ:
ಭಾಳ ಉಪಕಾರ ಆತ್ರಿ ಅಕ್ಕಾರ. ನಾ ಎರಡು ಸಲ ತಿಕ್ಕಿ ಎರಡು ಸಲನೂ ವಾಪಸ್ ಬಂದಿತ್ತು.

ಟೈರ್_ಕಪ್ಪು:
ಟೈರ್ ಬಗ್ಗೆ ಯಾರೂ ಮಾತಾಡ್ಲಿಲ್ಲ. ಅಗ್ಗದ ಟೈರ್ ಪಾಲಿಶ್ ಹಾಕಿ ಹತ್ತು ನಿಮಿಷ ಓಡಿಸಿದ್ರೆ ಫೆಂಡರ್ ತುಂಬಾ ಎಣ್ಣೆ ಚುಕ್ಕಿ, ಆ ಚುಕ್ಕಿಗೆ ಧೂಳು ಅಂಟತ್ತೆ. ನೀರಿನ ಬೇಸ್ ಇರೋದಕ್ಕೆ ಬದಲಾಯಿಸ್ದೆ, ಹೊಳಪು ಕಮ್ಮಿ, ಆದ್ರೆ ಹಾರಲ್ಲ. ಹಾಕೋಕೆ ಮುಂಚೆ ಟೈರನ್ನ ಬ್ರಷ್ಷಲ್ಲಿ ಕಂದು ನೀರು ನಿಲ್ಲೋವರೆಗೂ ತಿಕ್ಬೇಕು. ಅದು ಬರೀ ಮಣ್ಣಲ್ಲ, ರಬ್ಬರ್ ಒಡೀದೆ ಇರ್ಲಿ ಅಂತ ಸೇರಿಸಿರೋ ಪದಾರ್ಥನೂ ಹೊರಗೆ ಬಂದು ಕಂದಾಗತ್ತೆ. ಅದರ ಮೇಲೆ ಏನೇ ಬಳಿದ್ರೂ ನಿಲ್ಲಲ್ಲ.

ರಸಾಯನಿ:
ವೀಲ್ ಮಾತು ಬಂದಿದ್ದಕ್ಕೆ ಒಂದು ವಿಷಯ, ಇದನ್ನ ದಯವಿಟ್ಟು ಎಲ್ರೂ ಓದಿ. ಕೆಲವು ಅಗ್ಗದ ವೀಲ್ ಕ್ಲೀನರಲ್ಲಿ ಅಮೋನಿಯಂ ಬೈಫ್ಲೋರೈಡ್ ಅಥವಾ ಹೈಡ್ರೋಫ್ಲೋರಿಕ್ ಆಸಿಡ್ ಇರತ್ತೆ. ಕೊಳೆ ಕ್ಷಣದಲ್ಲಿ ಬಿಡತ್ತೆ, ಅದಕ್ಕೇ ಜನ ಮೆಚ್ಕೋತಾರೆ. ಕೈಗೆ ಬಿದ್ರೆ ಆ ಕ್ಷಣ ನೋವೇ ಗೊತ್ತಾಗದೆ ಇರಬಹುದು, ಗಂಟೆಗಳಾದ ಮೇಲೆ ಶುರುವಾಗತ್ತೆ, ಅಷ್ಟರಲ್ಲಿ ಚರ್ಮ ದಾಟಿ ಒಳಗೆ ಇಳಿದಿರತ್ತೆ, ಮೂಳೆಗೂ ಹೋಗತ್ತೆ. ಇದರಲ್ಲಿ ಉಳಿತಾಯ ನೋಡ್ಲೇಬೇಡಿ. ತಗೊಳ್ಳೋ ಮುಂಚೆ ಸೇಫ್ಟಿ ಡೇಟಾ ಶೀಟ್, ಅಂದ್ರೆ ಒಳಗೇನಿದೆ, ಏನು ಅಪಾಯ ಅಂತ ತಯಾರಕರು ಕೊಡೋ ಮಾಹಿತಿ ಪತ್ರ, ಕೇಳಿ. ಅದರಲ್ಲಿ 16 ಭಾಗ ಇರತ್ತೆ, 3ನೇ ಭಾಗದಲ್ಲಿ ಅಪಾಯದ ಪದಾರ್ಥಗಳು, 9ನೇ ಭಾಗದಲ್ಲಿ ಪಿಎಚ್ (ಆಸಿಡ್ಡಾ, ಕ್ಷಾರನಾ ಅನ್ನೋ ಅಳತೆ, 7 ಅಂದ್ರೆ ಎರಡೂ ಅಲ್ಲ). ಶೀಟ್ ಕೊಡೋಕೇ ಆಗಲ್ಲ ಅನ್ನೋ ಬಾಟಲ್ ನಾನು ಮನೆಗೆ ತರಲ್ಲ. ಅಗ್ಗದ್ದಾದ್ರೂ ಸರಿ, ದುಬಾರಿದಾದ್ರೂ ಸರಿ.

ಹಳೇ_ಡೀಸೆಲ್:
ಇದು ನಿಜಕ್ಕೂ ಹೆದರಿಕೆ ಆಗೋ ವಿಷಯ. ನನ್ನ ಹತ್ರ ಹೆಸರಿಲ್ಲದ ಕ್ಯಾನ್ ಒಂದಿದೆ, ಅಲಾಯ್ ತೊಳಿಯೋಕೆ ಯಾರೋ ಕೊಟ್ಟಿದ್ದು. ಇನ್ನು ಮುಟ್ಟಲ್ಲ.

ಭಾನುವಾರದ_ತೊಳೆತ:
ಹಾಗಾದ್ರೆ ಮುಟ್ಟಿದ ಕೂಡ್ಲೆ ನೇರಳೆ ಬಣ್ಣ ಆಗತ್ತಲ್ಲ ಆ ಐರನ್ ರಿಮೂವರ್? ಅದೂ ಆಸಿಡ್ಡಾ? ಕೊಳೆತ ಮೊಟ್ಟೆ ವಾಸನೆ ಬೇರೆ.

ರಸಾಯನಿ:
ಅಲ್ಲ, ಅದು ಥಯೋಗ್ಲೈಕೊಲೇಟ್. ಪಾರ್ಲರಲ್ಲಿ ಕೂದಲು ಗುಂಗುರು ಮಾಡೋಕೆ ಹಾಕ್ತಾರಲ್ಲ, ಅದೇ ಕುಟುಂಬ, ಅದಕ್ಕೇ ಆ ವಾಸನೆ. ಬ್ರೇಕಿಂದ ಹಾರಿದ ಕಬ್ಬಿಣದ ಪುಡಿ ಜೊತೆ ಸೇರಿ ನೇರಳೆ ಆಗತ್ತೆ. ಗ್ಲೌಸ್ ಹಾಕಿ, ಒಣಗೋಕೆ ಬಿಡ್ಬೇಡಿ. ಹೋಲಿಸೋಕೆ ಸುಲಭವಾದ ಸಾಮಾನು ಇದು, ಒಂದು ವೀಲಿಗೆ ಅಗ್ಗದ್ದು ಇನ್ನೊಂದಕ್ಕೆ ದುಬಾರಿದು, ಐದು ನಿಮಿಷ ಬಿಟ್ಟು ತೊಳೆದು, ಎರಡಕ್ಕೂ ಒಂದೇ ಬಾಟಲ್ಲಿಂದ ಮತ್ತೆ ಹೊಡೀರಿ. ಎರಡನೇ ಸಲ ನೇರಳೆ ಕಮ್ಮಿ ಬಂದದ್ದು ಮೊದಲ ಸಲ ಹೆಚ್ಚು ಕೆಲಸ ಮಾಡಿದೆ.

ನೊರೆನೊರೆ:
ಲೆದರ್ ಸೀಟಿಗೆ? ದುಬಾರಿ ಕಂಡೀಷನರ್ ಹಾಕ್ತಿದೀನಿ ತಿಂಗಳಿಗೊಂದ್ಸಲ.

ಪಾಲಿಶ್_ಕೈ:
ಈಗಿನ ಗಾಡಿಗಳ ಲೆದರ್ ಬಹುತೇಕ ಮೇಲೆ ಪಾಲಿಯುರೆಥೇನ್ ಪದರ ಇರೋದು, ಕಂಡೀಷನರ್ ಒಳಗೆ ಹೋಗೋಕೇ ಜಾಗ ಇಲ್ಲ. ಮೃದು ಕ್ಲೀನರ್, ಒದ್ದೆ ಬಟ್ಟೆ, ಸಾಕು. ನನ್ನ ಪ್ರಕಾರ ಜನ ಅತಿ ಹೆಚ್ಚು ದುಡ್ಡು ಸುಮ್ನೆ ಹಾಕೋದು ಇದಕ್ಕೇ.

ಕಪ್ಪು_ಸೆಡಾನ್:
ಅಪ್ಡೇಟ್. ಎಂಟು ವಾರ ಆಯ್ತು. ಬಾನೆಟ್ ಮಧ್ಯಕ್ಕೆ ಟೇಪ್ ಹಾಕಿ ಎರಡು ಭಾಗ ಮಾಡಿದ್ದೆ. ಎಡಕ್ಕೆ ಗೆಳೆಯನ ದುಬಾರಿ ಕಾರ್ನೌಬಾ ವ್ಯಾಕ್ಸ್, ಬಲಕ್ಕೆ ನನ್ನ ಅಗ್ಗದ ಸ್ಪ್ರೇ ಸೀಲಂಟ್. ಹಾಕಿದ ದಿನ ಮನೇಲಿ ಮೂರು ಜನಕ್ಕೆ ತೋರಿಸ್ದೆ, ಯಾವ ಕಡೆ ಏನು ಅಂತ ಹೇಳ್ಲಿಲ್ಲ. ಒಬ್ರು ಎಡ ಚೆನ್ನಾಗಿದೆ ಅಂದ್ರು, ಒಬ್ರು ಬಲ, ಅಮ್ಮ ಎರಡೂ ಒಂದೇ ಅಂದ್ರು. ಐದನೇ ವಾರಕ್ಕೆ ಎಡಗಡೆ ನೀರಿನ ಹನಿ ಚಪ್ಪಟೆ ಆಗೋಕೆ ಶುರು. ಈಗ ಎಡಗಡೆ ನೀರು ಹಾಳೆ ತರ ಹರಡ್ಕೊಂಡು ನಿಲ್ಲತ್ತೆ, ಬಲಗಡೆ ಇನ್ನೂ ಕಡ್ಲೆಕಾಳಿನಷ್ಟು ದುಂಡು ದುಂಡು ಹನಿ. ಬಟ್ಟೆ ಎಲ್ಲಾ ಹೊಸದು ತಗೊಂಡೆ, ಪಟ್ಟಿ ಕತ್ತರಿಸ್ದೆ, ಎರಡು ಬಕೆಟ್ ಇಟ್ಟೆ, ಒಂದು ಶಾಂಪೂ ನೀರಿಗೆ, ಒಂದು ಬಟ್ಟೆ ಜಾಲಿಸೋಕೆ. ಹೊಸ ಗೀರು ಬಂದಿಲ್ಲ ಅನ್ಸತ್ತೆ.

ಮಳೆಹನಿ:
ಸೊಗಸಾಗಿ ಮಾಡಿದೀರ. ಕಾರ್ನೌಬಾ ಅಂದ್ರೆ ಬ್ರೆಜಿಲ್ಲಿನ ಒಂದು ತಾಳೆ ಜಾತಿ ಮರದ ಎಲೆಯ ಮೇಣ, ವಾರಗಳ ಲೆಕ್ಕದಲ್ಲೇ ಬಾಳಿಕೆ, ಒಳ್ಳೇ ಸಿಂಥೆಟಿಕ್ ಸೀಲಂಟ್ ತಿಂಗಳುಗಳ ಲೆಕ್ಕ. ಇದು ಅಗ್ಗ ದುಬಾರಿ ಜಗಳಕ್ಕಿಂತ ಜಾತಿ ಬೇರೆ ಅನ್ನೋ ವಿಷಯ. ದುಬಾರಿ ಸೀಲಂಟ್ ಜೊತೆ ಅಗ್ಗದ ಸೀಲಂಟ್ ನಿಲ್ಲಿಸ್ಬೇಕಿತ್ತು.

ಪಾಲಿಶ್_ಕೈ:
ಹನಿ ನಿಲ್ಲಲ್ಲ ಅಂದ ಮಾತ್ರಕ್ಕೆ ವ್ಯಾಕ್ಸ್ ಹೋಯ್ತು ಅಂತ ತೀರ್ಮಾನ ಬೇಡ ಸರ್. ಮೇಲೆ ಕೊಳೆ ಪದರ ಕೂತ್ರೂ ಹೀಗೇ ಆಗತ್ತೆ. ಸ್ವಲ್ಪ ಸ್ಟ್ರಾಂಗ್ ಶಾಂಪೂನಲ್ಲಿ ತೊಳೆದು ಆಮೇಲೆ ನೋಡಿ.

ಕಪ್ಪು_ಸೆಡಾನ್:
ತೊಳೆದೆ. ಬಲಗಡೆ ಮೊದಲ ದಿನದ ತರ ಆಯ್ತು. ಎಡಗಡೆ ಗಾಜಿನ ಹತ್ರ ಒಂದು ಗೇಣು ಮಾತ್ರ ವಾಪಸ್ ಬಂತು, ಉಳಿದದ್ದು ಹಾಗೇ.

ರಸಾಯನಿ:
ಆದ್ರೆ ಸ್ಟ್ರಾಂಗ್ ಶಾಂಪೂನೇ ಉಳಿದಿದ್ದ ವ್ಯಾಕ್ಸನ್ನ ಎತ್ತಿರಬಹುದಲ್ಲ? ಮೇಣಕ್ಕೆ ಅದು ತಡಿಯಲ್ಲ, ಸೀಲಂಟ್ ತಡಿಯತ್ತೆ. ಪಾಲಿಶ್_ಕೈ ಸರ್, ಈ ಪರೀಕ್ಷೆ ವ್ಯಾಕ್ಸಿಗೆ ನ್ಯಾಯ ಅಲ್ಲ ಅನ್ಸತ್ತೆ ನನಗೆ.

ಪಾಲಿಶ್_ಕೈ:
ಒಪ್ಪಿದೆ ಮೇಡಂ. ಮೊದ್ಲು ಪಿಎಚ್ 7ರ ಶಾಂಪೂನಲ್ಲಿ ನಿಧಾನಕ್ಕೆ ತೊಳಿಯೋಕೆ ಹೇಳ್ಬೇಕಿತ್ತು. ಅವಸರ ಮಾಡ್ದೆ.

ಕಪ್ಪು_ಸೆಡಾನ್:
ಪರವಾಗಿಲ್ಲ, ಡಿಕ್ಕಿ ಮುಚ್ಚಳ ಇನ್ನೂ ಖಾಲಿ ಇದೆ. ಈ ಸಲ ಸೀಲಂಟ್ ಎರಡೂ, ಅಗ್ಗದ್ದು ದುಬಾರಿದು, ಗೆಳೆಯನೂ ಅರ್ಧ ದುಡ್ಡು ಹಾಕ್ತೀನಿ ಅಂದ. ಶನಿವಾರ ಟೇಪ್ ಹಾಕ್ತೀವಿ. ಹೋದ ಸಲ ಸಾದಾ ಟೇಪಿನ ಅಂಟು ಪೇಂಟ್ ಮೇಲೆ ಉಳೀತು, ಯಾವ ಟೇಪ್ ಒಳ್ಳೇದು?

ಗಟ್ಟಿಕೈ:
ಪೇಂಟಿಂಗ್ ಮಾಡೋರ ಮಾಸ್ಕಿಂಗ್ ಟೇಪ್, ಕಾಗದದ್ದು. ಬಿಸಿಲಲ್ಲಿ ಬಿಡ್ಬೇಡಿ, ಹಾಕಿದ ದಿನಾನೇ ತೆಗೀರಿ. ಗಡಿ ಎಲ್ಲಿತ್ತು ಅಂತ ಎರಡೂ ತುದಿಗೆ ಫೋಟೋ ತೆಗ್ದು ಇಟ್ಕೊಳ್ಳಿ.